ಮಳೆಗುಡ್ಡಕ್ಕೆ ಸೈಕಲ್: ಮೊದಲು ರಾತ್ರಿಯ ಜಾಗ

ಮಲೆನಾಡಿನ ಮಳೆಯಲ್ಲಿ ಸೈಕಲ್ ತುಳಿಯಬೇಕು, ಕಾಡಿನಲ್ಲಿ ಟೆಂಟ್ ಹಾಕಿ ಮಲಗಬೇಕು ಎಂದು ಹೊರಡುವ ಎಳೆಯರು ತೋರಿಸುವ ಯೋಜನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಏರು, ಯಾವ ಜಲಪಾತ, ಎಲ್ಲಿ ತಿಂಡಿ, ಎಲ್ಲವೂ ಪಕ್ಕಾ. ರಾತ್ರಿಯ ಜಾಗದಲ್ಲಿ ಮಾತ್ರ ‘ಕಾಡಿನಲ್ಲಿ ಟೆಂಟ್’ ಎಂದು ಬರೆದು ಬಿಟ್ಟಿರುತ್ತಾರೆ. ನನ್ನ ಮಟ್ಟಿಗೆ ಈ ಪ್ರವಾಸದ ಯೋಜನೆ ಶುರುವಾಗಬೇಕಾದದ್ದೇ ಅಲ್ಲಿಂದ. ರಾತ್ರಿ ಎಲ್ಲಿ ಮೈ ಒಣಗಿಸಿಕೊಂಡು ಮಲಗುತ್ತೀರಿ ಎಂಬುದು ತೀರ್ಮಾನವಾದ ಮೇಲೆ ಹಗಲಿನ ದಾರಿ ತಾನಾಗಿ ಗೊತ್ತಾಗುತ್ತದೆ. ದಾರಿ ಮೊದಲು ಹಾಕಿ, ಜಾಗ ಆಮೇಲೆ ನೋಡೋಣ ಎಂದು ಹೊರಟವರಿಗೆ ಮಳೆಗುಡ್ಡದಲ್ಲಿ ಸಂಜೆ ಐದೂವರೆಗೇ ಕತ್ತಲೆ ಕವಿಯುತ್ತದೆ. ಆಗ ಎರಡೂ ಬದಿಗೆ ಇರುವುದು ಕಾಯ್ದಿಟ್ಟ ಅರಣ್ಯ, ನಡುವೆ ಇರುವುದು ನೀರು ಹರಿಯುವ ರಸ್ತೆ.

ಕಾಡಿನಲ್ಲಿ ಟೆಂಟ್ ಹಾಕುವ ಕನಸು ನಮಗೆ ಬಂದದ್ದು ಬಹುಪಾಲು ಸ್ಕಾಟ್ಲೆಂಡಿನಂಥ ಕಡೆ ತೆಗೆದ ವಿಡಿಯೊಗಳಿಂದ. ಅಲ್ಲಿಯೂ ಒದ್ದೆ ಗುಡ್ಡಗಳೇ. ಆದರೆ 2003ರ ಭೂಸುಧಾರಣಾ ಕಾಯ್ದೆಯಡಿ ಅಲ್ಲಿ ಬೇಲಿಯಿಲ್ಲದ ಹೆಚ್ಚಿನ ನೆಲದಲ್ಲಿ ನಡೆಯುವ, ಸೈಕಲ್ ತುಳಿಯುವ, ಒಂದೆರಡು ರಾತ್ರಿ ಟೆಂಟ್ ಹಾಕುವ ಹಕ್ಕು ಜನರಿಗಿದೆ. ನಮ್ಮಲ್ಲಿ ಅಂಥ ಹಕ್ಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಹೊಕ್ಕುವುದನ್ನೇ ತಡೆಯುತ್ತದೆ. ಬೆಂಕಿ ಹಚ್ಚುವುದಂತೂ ಅಪರಾಧ. ಮೀಸಲು ಅರಣ್ಯಕ್ಕೆ ರಾಜ್ಯದ 1963ರ ಅರಣ್ಯ ಕಾಯ್ದೆಯ ಕಟ್ಟುಪಾಡುಗಳಿವೆ. 2024ರ ಆರಂಭದಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರ ನೂಕುನುಗ್ಗಲು ಆದ ಬಳಿಕ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಆ ಚೀಟಿಯೂ ಹಗಲಿನ ನಡಿಗೆಗೆ ಮಾತ್ರ. ಗುಡ್ಡದ ಮೇಲೆ ರಾತ್ರಿ ಉಳಿಯಲು ಅಲ್ಲ, ಸೈಕಲ್ ಹತ್ತಿಸಲೂ ಅಲ್ಲ.

ಇದನ್ನು ಬರೀ ಕಾನೂನಿನ ತೊಡಕೆಂದು ನಾನು ನೋಡುವುದಿಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲುಗಳ ಮಣ್ಣು ತೆಳು. ಜೋರು ಮಳೆಯಲ್ಲಿ ಆ ಹುಲ್ಲಿನ ಮೇಲೆ ನಾಲ್ಕಾರು ಸೈಕಲ್ ಒಂದೇ ಗೆರೆಯಲ್ಲಿ ಇಳಿದರೆ ಗೆರೆ ಕಾಲುವೆಯಾಗುತ್ತದೆ. ಮುಂದಿನ ಮಳೆ ಆ ಕಾಲುವೆ ಹಿಡಿದು ಮಣ್ಣು ಕೊಚ್ಚುತ್ತದೆ. ಹುಲ್ಲು ಮತ್ತೆ ಕೂಡಿಕೊಳ್ಳುವುದಕ್ಕೆ ವರ್ಷಗಳು ಬೇಕು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ನೆತ್ತಿ ಕುದುರೆಮುಖದ ಸಾಲು. ಕುದುರೆಮುಖದ ಕಬ್ಬಿಣದ ಗಣಿಯನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಲ್ಲಿಸಿದ ನಾಡಿನಲ್ಲಿ, ಮೋಜಿಗಾಗಿ ಅದೇ ಗುಡ್ಡ ಗೀರುವುದು ಸಲ್ಲದು. ಮೌಂಟನ್ ಬೈಕಿಗೆ ಮಲೆನಾಡಿನಲ್ಲಿ ತೋಟದ ರಸ್ತೆ, ಊರೂರು ಸೇರಿಸುವ ಮಣ್ಣು ದಾರಿ, ಗ್ರಾಮ ಪಂಚಾಯಿತಿಯ ಜಲ್ಲಿ ರಸ್ತೆ ಬೇಕಾದಷ್ಟಿವೆ. ಅವೇ ಸಾಕಷ್ಟು ಕಷ್ಟ ಕೊಡುತ್ತವೆ.

ಹಾಗಾದರೆ ಯಾವಾಗ? ಹಳ್ಳಿಯ ಪಂಚಾಂಗಕ್ಕಿಂತ ಒಳ್ಳೆಯ ಯೋಜನಾಪಟ್ಟಿ ನನಗೆ ಗೊತ್ತಿಲ್ಲ. ಒಂದೊಂದು ಮಳೆ ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ. ಜೂನ್ ಕೊನೆಯ ಆರಿದ್ರಾದಿಂದ ಪುನರ್ವಸು, ಪುಷ್ಯ ದಾಟಿ ಆಗಸ್ಟಿನ ಆಶ್ಲೇಷದವರೆಗೆ ಘಟ್ಟದ ಮೇಲೆ ಸುರಿಯುವುದು ಪ್ರವಾಸಿಗರ ಮಳೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವುದರ ಎರಡು ಪಟ್ಟು ಅಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಬಯಲುಸೀಮೆಯಲ್ಲಿ ಸುದ್ದಿಯಾಗುವ ಈ ಅಂಕಿಗಳು ಪುಷ್ಯ ಮಳೆಯ ಆಗುಂಬೆಗೆ ಹೊಸದಲ್ಲ. ಆಗ ಟೆಂಟ್ ಒಳಗೆ ಮಲಗಿದರೂ ಹೊರಗೆ ಮಲಗಿದರೂ ವ್ಯತ್ಯಾಸ ಕಡಿಮೆ.

ನಾನು ಹೇಳುವ ಕಾಲ ಸೆಪ್ಟೆಂಬರ್ ಕೊನೆಗೆ ಹುಟ್ಟುವ ಹಸ್ತ ಮತ್ತು ಅಕ್ಟೋಬರ್ ಎರಡನೆಯ ವಾರದ ಚಿತ್ತಾ. ಹಳ್ಳಗಳಲ್ಲಿ ನೀರು ತುಂಬಿರುತ್ತದೆ, ಕಾಡು ಹಸಿರಾಗಿರುತ್ತದೆ, ಮಳೆ ಬಿಟ್ಟುಬಿಟ್ಟು ಬರುತ್ತದೆ. ಮುಂಜಾನೆ ಹೊಳವಾಗಿದ್ದು ಮಧ್ಯಾಹ್ನದ ಮೇಲೆ ಗುಡುಗು ಕಟ್ಟುವುದು ಈ ಎರಡು ಮಳೆಗಳ ರೂಢಿ. ಆದ್ದರಿಂದ ಬೆಳಿಗ್ಗೆ ಏಳಕ್ಕೆ ಪೆಡಲ್ ತುಳಿಯಲು ಶುರು ಮಾಡಿ ಮೂರು ಗಂಟೆಗೆ ನಿಲ್ಲಿಸುವಂತೆ ದಿನ ಕಟ್ಟಬೇಕು. ಸಿಡಿಲಿನ ಹೊತ್ತಿಗೆ ಬೋಳುಗುಡ್ಡದ ಮೇಲೆ ಇರಕೂಡದು.

ಈ ಹದ ಬೇಗ ಮುಗಿಯುತ್ತದೆ. ದೀಪಾವಳಿ ಹತ್ತಿರವಾದಂತೆ ಅಡಿಕೆ ಕೊನೆಕೊಯ್ಲು ಶುರುವಾಗಿ ನಾವು ಟೆಂಟ್ ಹಾಕಬಹುದಾದ ಅಂಗಳಗಳು ತುಂಬುತ್ತವೆ, ಜಾಗ ಕೊಡುವ ಮನೆಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಇನ್ನೊಂದು ಕಾರಣ ಆರೋಗ್ಯದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದರ ಕಾಲ ಮಳೆ ನಿಂತ ಮೇಲೆ, ನವೆಂಬರ್‌–ಡಿಸೆಂಬರಿನಿಂದ ಬೇಸಿಗೆಯವರೆಗೆ. ಒಣ ತರಗೆಲೆಯ ಮೇಲೆ ಚಾಪೆ ಹಾಸಿ ಮಲಗುವುದು ಆ ತಿಂಗಳುಗಳಲ್ಲಿ ಉಂಬಳದ (ಜಿಗಣೆಯ) ನಡುವೆ ಮಲಗುವುದಕ್ಕಿಂತ ಅಪಾಯದ ಕೆಲಸ.

ಈಗ ರಾತ್ರಿಯ ಜಾಗಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಟೆಂಟ್ ಹಾಕಲು ನನಗೆ ಅತ್ಯಂತ ಒಪ್ಪಿಗೆಯಾದ ನೆಲ ಕಾಫಿ ಕಣ. ಸಿಮೆಂಟ್ ಅಥವಾ ಗಾರೆಯ ನೆಲ, ನೀರು ನಿಲ್ಲದಂಥ ಇಳಿಜಾರು, ಸುತ್ತ ಹುಲ್ಲಿಲ್ಲದ್ದರಿಂದ ಉಂಬಳ ಕಡಿಮೆ, ಕೊಯ್ಲಿನವರೆಗೆ ಖಾಲಿ. ಅಡಿಕೆ ಸೀಮೆಯಲ್ಲಾದರೆ ಅಡಿಕೆ ಒಣಗಿಸುವ ಅಂಗಳ, ಸೌದೆ ಕೊಟ್ಟಿಗೆಯ ಪಕ್ಕದ ಮಾಡು. ಇಂಥ ಕಡೆ ನೆಲಕ್ಕೆ ಗೂಟ ಹೊಡೆಯಲಾಗದು. ಆದ್ದರಿಂದ ಗೂಟವಿಲ್ಲದೆ ತನ್ನಷ್ಟಕ್ಕೆ ನಿಲ್ಲುವ ಟೆಂಟೇ ಬೇಕು. ಅಂಗಡಿಯಲ್ಲಿ ಇದೊಂದನ್ನು ಕೇಳದೆ ಕೊಂಡವರು ಇಲ್ಲಿ ಪೇಚಾಡುತ್ತಾರೆ. ಎರಡು ಪದರದ್ದಿರಲಿ, ಇಲ್ಲವಾದರೆ ನಿಮ್ಮ ಉಸಿರೇ ಒಳಗಡೆ ಹನಿಯಾಗಿ ಬೆಳಗಿನೊಳಗೆ ಹೊದಿಕೆ ಒದ್ದೆ ಮಾಡುತ್ತದೆ. ಅಡಿಕೆ ಮರಕ್ಕೆ ಮಾತ್ರ ಜೋಲಿಮಂಚ ಕಟ್ಟಬೇಡಿ. ಬೇರು ಮೇಲೆಯೇ ಇರುವ, ವರ್ಷಗಟ್ಟಲೆ ಸಾಕಿದ ಮರ. ಮನೆಯವರ ಅನ್ನ ಅದು.

ಇಂಥ ಜಾಗವನ್ನು ಕೇಳುವುದು ಹೇಗೆ? ಬೆಳಕಿರುವಾಗ ಹೋಗಬೇಕು. ಅಂಗಳದ ಅಂಚಿನಲ್ಲಿ ಸೈಕಲ್ ನಿಲ್ಲಿಸಿ, ನಾಯಿ ಬೊಗಳಿ ಮನೆಯವರು ಹೊರಗೆ ಬರುವವರೆಗೆ ಕಾಯಬೇಕು. ಯಾವ ಊರು, ಯಾರ ಕಡೆಯವರು, ಎಲ್ಲಿಗೆ ಹೊರಟದ್ದು ಎಂದು ಕೇಳುತ್ತಾರೆ. ಅವಸರವಿಲ್ಲದೆ ಉತ್ತರ ಕೊಡಬೇಕು. ತೀರ್ಥಹಳ್ಳಿ ಸೀಮೆಯ ಒಂದು ಮನೆಯ ಅಜ್ಜಿ ನನ್ನ ಟೆಂಟಿನ ಗಂಟು ನೋಡಿ, “ಈ ಮಳೇಲಿ ಬಟ್ಟೆ ಮನೆ ಕಟ್ಟಿ ಮಲಗ್ತೀರಾ ಮಾರಾಯ್ರೆ? ಜಗಲಿ ಖಾಲಿ ಇದ್ಯಲ್ಲ” ಎಂದರು. ಬಚ್ಚಲ ಒಲೆಯ ಹಂಡೆಯಲ್ಲಿ ಕುದಿಯುತ್ತಿದ್ದ ನೀರು, ಒಲೆಯ ಮೇಲಿನ ಹಗ್ಗಕ್ಕೆ ಹರವಿದ ಸಾಕ್ಸು, ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ದಿನವಿಡೀ ನೆನೆದ ಮೈಗೆ ಇದಕ್ಕಿಂತ ದೊಡ್ಡ ಸೌಕರ್ಯವನ್ನು ಯಾವ ಸಲಕರಣೆಯೂ ಕೊಡಲಾರದು.

ಆದರೆ ಈ ಆದರವನ್ನು ಲೆಕ್ಕದಲ್ಲಿ ಹಿಡಿದು ಆರೇಳು ಜನರ ದಂಡು ಕಟ್ಟಿಕೊಂಡು ಹೋಗುವುದು ತಪ್ಪು. ಇಬ್ಬರು ಮೂವರಿಗೆ ಜಾಗ ಸಿಗುತ್ತದೆ, ಎಂಟು ಮಂದಿಗೆ ಸಿಗುವುದಿಲ್ಲ, ಸಿಗಬೇಕೆಂದು ಬಯಸುವುದೂ ಸರಿಯಲ್ಲ. ಹಣ ಕೊಟ್ಟರೆ ಹಿರಿಯರು ಮುಟ್ಟದಿರಬಹುದು. ಅಕ್ಕಿಯೋ ಬೆಲ್ಲವೋ ಮಕ್ಕಳಿಗೆ ಪುಸ್ತಕವೋ ಚೀಲದಲ್ಲಿರಲಿ. ಮುಂಚೆಯೇ ಪರಿಚಯದವರ ಮೂಲಕ ಒಂದು ಫೋನ್ ಮಾಡಿಸಿದ್ದರೆ ಎಲ್ಲವೂ ಸಲೀಸು. ಶಾಲೆಯ ಜಗಲಿಯಾದರೆ ಮುಖ್ಯಶಿಕ್ಷಕರನ್ನು, ದೇವಸ್ಥಾನದ ಚಂದ್ರಶಾಲೆಯಾದರೆ ಅರ್ಚಕರನ್ನು ಕೇಳಿಯೇ ಮಲಗಬೇಕು.

ಒಂದು ದಾರಿಯನ್ನು ಉದಾಹರಣೆಗೆ ಹಿಡಿಯೋಣ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಸೈಕಲನ್ನು ಲಗೇಜ್ ಬುಕ್ ಮಾಡಿ ಶಿವಮೊಗ್ಗದಲ್ಲಿ ಇಳಿದರೆ, ತುಂಗೆಯ ಪಕ್ಕದಲ್ಲೇ ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಅರವತ್ತು ಕಿ.ಮೀ. ಡಾಂಬರು. ಕಾಲು ಪಳಗಿಸಲು ಅದು ಸಾಕು. ಎರಡನೆಯ ದಿನ ಗುಡ್ಡೇಕೇರಿಯ ಕಡೆ ಹೊರಟು ಕುಂದಾದ್ರಿ ಹತ್ತಿ ಇಳಿದು ಆಗುಂಬೆ. ನಕ್ಷೆಯಲ್ಲಿ ನೋಡಿದರೆ ಮೂವತ್ತು ಚಿಲ್ಲರೆ ಕಿ.ಮೀ., ಕುಂದಾದ್ರಿಯ ಕಡಿದು ಏರು ಸೇರಿದರೆ ಇಡೀ ದಿನದ ಕೆಲಸ. ಮೂರನೆಯ ದಿನ ಬೇಗಾರಿನ ಮೇಲೆ ಶೃಂಗೇರಿ, ಅಲ್ಲಿಂದ ಹತ್ತು ಕಿ.ಮೀ. ಏರಿದರೆ ಋಷ್ಯಶೃಂಗೇಶ್ವರನ ಕಿಗ್ಗ. ಮಳೆ ಬಾರದಾಗ ಮಳೆ ಬೇಡಲು, ಹೆಚ್ಚಾದಾಗ ನಿಲ್ಲಿಸೆಂದು ಬೇಡಲು ಜನ ಬರುವ ಗುಡಿ ಅದು. ಕಿಗ್ಗದ ಮೇಲಿನ ನರಸಿಂಹ ಪರ್ವತ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಸೈಕಲ್ ಯಾತ್ರೆ ಗುಡಿಯ ಮುಂದೆಯೇ ಮುಗಿಯಬೇಕು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳ ಆಸೆ ಎಲ್ಲರಿಗೂ ಇರುತ್ತದೆ. ಮಂಜು ಕವಿದಾಗ, ಮಳೆ ಹಿಡಿದಾಗ ಆ ಕಿರಿದಾದ ರಸ್ತೆ ಸೈಕಲಿಗೆ ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಯಲಿನಲ್ಲಿ ದಿನಕ್ಕೆ ನೂರು ಕಿ.ಮೀ. ತುಳಿಯುವವರು ಇಲ್ಲಿ ಮಣ್ಣು ದಾರಿಗೆ ಮೂವತ್ತೈದು ಎಂದು ಬರೆದುಕೊಳ್ಳಲಿ. ನಕ್ಷೆಯಲ್ಲಿ ಊರಿನ ಹೆಸರು ಕಂಡ ಮಾತ್ರಕ್ಕೆ ಅಲ್ಲಿ ಅಂಗಡಿ ಇದೆ ಎಂದುಕೊಳ್ಳಬೇಡಿ. ಮಲೆನಾಡಿನ ಊರೆಂದರೆ ಎಷ್ಟೋ ಕಡೆ ಗುಡ್ಡಕ್ಕೊಂದರಂತೆ ಚದುರಿದ ನಾಲ್ಕು ಮನೆ. ಮೊಬೈಲ್ ಸಿಗ್ನಲ್ ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ. ಕರೆಂಟ್ ಹೋದರೆ ಟವರೂ ಹೋಗುತ್ತದೆ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಕಾಗದದ ಪ್ರತಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಹೊರಡುವ ಹಿಂದಿನ ವಾರದಿಂದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಗಳನ್ನು ನೋಡುತ್ತಿರಿ. ಅದಕ್ಕಿಂತ ಹಳೆಯ ಅಳತೆಗೋಲುಗಳೂ ಇವೆ: ತೀರ್ಥಹಳ್ಳಿಯಲ್ಲಿ ರಾಮಮಂಟಪ ಮುಳುಗಿತೆಂದರೆ, ಶೃಂಗೇರಿಯಲ್ಲಿ ಕಪ್ಪೆಶಂಕರ ಮುಳುಗಿತೆಂದರೆ ತುಂಗೆ ಸೊಕ್ಕಿದ್ದಾಳೆ ಎಂದರ್ಥ. ಅಂಥ ವಾರ ಮನೆಯಲ್ಲಿರಿ. ಆರೆಂಜ್ ಅಲರ್ಟ್ ಬಂದ ದಿನ ಎಲ್ಲಿದ್ದೀರೋ ಅಲ್ಲೇ ಉಳಿಯುವುದಕ್ಕೆಂದು ಯೋಜನೆಯಲ್ಲಿ ಒಂದು ಖಾಲಿ ದಿನ ಇರಲೇಬೇಕು. ಸೋಮವಾರ ಕಚೇರಿಗೆ ಮುಟ್ಟಲೇಬೇಕೆಂಬ ಹಟವೇ ಜನರನ್ನು ತುಂಬಿದ ಹಳ್ಳಕ್ಕೆ ಇಳಿಸುತ್ತದೆ.

ಅಪಾಯಗಳ ಪೈಕಿ ಎಲ್ಲರಿಗೂ ಹಾವು, ಆನೆ ನೆನಪಾಗುತ್ತವೆ. ನನಗೆ ಮೊದಲು ನೆನಪಾಗುವುದು ಧರೆ. ರಸ್ತೆಗಾಗಿ ಗುಡ್ಡ ಕಡಿದಾಗ ಉಳಿಯುವ ಆ ಮಣ್ಣಿನ ಗೋಡೆಯ ಕೆಳಗೆ ಮಳೆಗೆ ಒತ್ತರಿಸಿ ನಿಲ್ಲುವುದು ಸೈಕಲ್ ಸವಾರರ ಸಹಜ ಅಭ್ಯಾಸ. ಗಾಳಿ ತಡೆಯುತ್ತದೆ, ಮೇಲಿನ ಮರದ ನೆರಳಿರುತ್ತದೆ. ಆದರೆ ನೀರು ಕುಡಿದು ಭಾರವಾದ ಗುಡ್ಡ ಮೊದಲು ಜರಿಯುವುದು ಅಲ್ಲೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ನಾಡು ನೋಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ರಸ್ತೆ ಬದಿಯ ಚಹಾದಂಗಡಿಯನ್ನೇ ಹೊತ್ತೊಯ್ದಿತು. ಅದಾದ ಎರಡೇ ವಾರಕ್ಕೆ ವಯನಾಡಿನ ಭೂಕುಸಿತದ ದುರಂತ. ಧರೆಯ ಕೆಳಗೆ ನಿಲ್ಲಬೇಡಿ, ಕೊರಕಲಿನ ಬಾಯಲ್ಲಿ, ಹೊಳೆಯ ದಂಡೆಯಲ್ಲಿ ಟೆಂಟ್ ಹಾಕಬೇಡಿ. ವಿದ್ಯುತ್ ಕಂಬ ವಾಲಿದ್ದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ತಿಳಿಯಾಗಿ ಹರಿಯುತ್ತಿದ್ದ ಹಳ್ಳ ಏಕಾಏಕಿ ಕೆಂಪಾದರೆ ಅಥವಾ ಬತ್ತಿದರೆ ಬಂದ ದಾರಿಯಲ್ಲೇ ಹಿಂತಿರುಗಿ.

ಸಂಕಗಳ ಮಾತೂ ಹಾಗೆಯೇ. ಮರದ ದಿಮ್ಮಿ, ಹಲಗೆ ಹಾಕಿದ ಕಾಲುಸಂಕದ ಮೇಲೆ ಹಾವಸೆ ಬೆಳೆದರೆ ಸಾಬೂನು ಸವರಿದ ಬಚ್ಚಲುಕಲ್ಲಿನಂತೆ ಜಾರುತ್ತದೆ. 2022ರಲ್ಲಿ ಬೈಂದೂರು ಬಳಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ನಮಗೆ ಸಾಹಸವೆನಿಸುವ ಆ ಸಂಕ ಅಲ್ಲಿನ ಮಕ್ಕಳಿಗೆ ದಿನದ ದಾರಿ ಎಂಬುದನ್ನು ಮರೆಯಲಾಗದು. ಭಾರ ಹೊತ್ತ ಸೈಕಲನ್ನು ಅದರ ಮೇಲೆ ತಳ್ಳುವುದಕ್ಕಿಂತ ಎರಡು ತಾಸು ಸುತ್ತಿ ಸೇತುವೆ ಹಿಡಿಯುವುದು ಲೇಸು.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಡೆ ಹೋಗುವವರಿಗೆ ಆನೆಯದೇ ದೊಡ್ಡ ಲೆಕ್ಕ. ಸದ್ದಿಲ್ಲದೆ ಬರುವ ಸೈಕಲ್ ಆನೆಗೂ ತಿಳಿಯುವುದಿಲ್ಲ, ತಿರುವಿನಾಚೆಯ ಆನೆ ಸವಾರನಿಗೂ ತಿಳಿಯುವುದಿಲ್ಲ. ಬೆಳಕು ಹರಿಯುವ ಮುನ್ನ, ಸಂಜೆ ಐದರ ನಂತರ ತೋಟದ ರಸ್ತೆಗೆ ಇಳಿಯಬಾರದು. ಇಂದು ಗುಂಪು ಯಾವ ತೋಟದಲ್ಲಿದೆ ಎಂಬುದು ಊರಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿ ಕೇಳಿಯೇ ಮುಂದೆ ಹೆಜ್ಜೆ ಇಡಿ.

ಸೈಕಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಜನ ಇದರ ಬಗ್ಗೆಯೇ ಹೆಚ್ಚು ಓದಿರುತ್ತಾರೆ. ಡಿಸ್ಕ್ ಬ್ರೇಕ್ ಇರಲಿ. ರಿಮ್ ಹಿಡಿಯುವ ಬ್ರೇಕು ಒದ್ದೆಯಲ್ಲಿ ತಡವಾಗಿ ಹಿಡಿಯುತ್ತದೆ, ಜಂಬಿಟ್ಟಿಗೆ ಮಣ್ಣಿನ ಹರಳು ರಿಮ್ಮನ್ನೇ ತಿನ್ನುತ್ತದೆ. ಡಿಸ್ಕಿಗೂ ರೆಸಿನ್ ಪ್ಯಾಡುಗಳು ಕೆಸರಿನಲ್ಲಿ ಬೇಗ ಸವೆಯುತ್ತವೆ. ಲೋಹದ ಸಿಂಟರ್ಡ್ ಪ್ಯಾಡು ಹಾಕಿಸಿ, ಇನ್ನೊಂದು ಜೊತೆ ಚೀಲದಲ್ಲಿಡಿ. ಎರಡೂಕಾಲು ಇಂಚಿನ ಗುಬುಟು ಟೈರು, ರಸ್ತೆಯಲ್ಲಿ ಓಡಿಸುವುದಕ್ಕಿಂತ ಕಡಿಮೆ ಗಾಳಿ. ತಿರುವಿನಲ್ಲಿ, ಹಾವಸೆಯ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ. ವೇಗವನ್ನು ಅದಕ್ಕೂ ಮೊದಲೇ ಇಳಿಸಿ. ಪ್ರತಿ ಸಂಜೆ ಚೈನನ್ನು ನೀರಿನಲ್ಲಿ ತೊಳೆದು, ಒರೆಸಿ, ಮಳೆಗೆಂದೇ ಬರುವ ಎಣ್ಣೆ ಬಿಡಿ. ಮಡ್‌ಗಾರ್ಡ್ ಬೇಡವೆನ್ನುವ ಶೋಕಿ ಇಲ್ಲಿ ಕೆಲಸಕ್ಕೆ ಬಾರದು. ಚಕ್ರ ಎರಚುವ ನೀರಿನಲ್ಲಿ ಸಗಣಿ, ಇಲಿಯ ಮೂತ್ರ ಎಲ್ಲವೂ ಇರುತ್ತದೆ. ಅದು ಬೀಳುವುದು ನಿಮ್ಮ ಬಾಟಲಿಯ ಬಾಯಿಗೆ, ಮೊಣಕಾಲಿನ ತರಚಿಗೆ. ಮಳೆಗಾಲದ ಇಲಿ ಜ್ವರ ಹತ್ತುವ ದಾರಿ ಅದೇ. ಗಾಯಗಳನ್ನು ಮುಚ್ಚಿಡಿ, ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ, ಮರಳಿದ ತಿಂಗಳೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿ.

ಉಂಬಳಕ್ಕೆ ಅಷ್ಟು ಹೆದರಬೇಕಿಲ್ಲ. ಉಪ್ಪಿನ ಸಣ್ಣ ಗಂಟು, ಇಲ್ಲವೇ ಹೊಗೆಸೊಪ್ಪಿನ ನೀರಲ್ಲಿ ಅದ್ದಿದ ಬಟ್ಟೆ ಸಾಕು. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ತೊಳೆದು ಒತ್ತಿ ಕಟ್ಟಿ. ಅದಕ್ಕಿಂತ ಎಚ್ಚರ ಬೇಕಾದದ್ದು ಚಳಿಯ ಬಗ್ಗೆ. ಇಪ್ಪತ್ತು ಡಿಗ್ರಿಯಲ್ಲೂ ನೆಂದ ಮೈಗೆ ಗಾಳಿ ತಾಗಿದರೆ ನಡುಕ ಹುಟ್ಟಿ ಬುದ್ಧಿ ಮಂಕಾಗುತ್ತದೆ. ಒಂದು ಜೊತೆ ಬಟ್ಟೆ ಏನೇ ಆದರೂ ಒಣಗಿರಬೇಕು, ಅದನ್ನು ರಾತ್ರಿಗೆ ಮಾತ್ರ ತೆಗೆಯಬೇಕು. ರಸಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ಕನ್ನು ತೊಳೆದು ಮಡಚಿ ಕಟ್ಟಿದರೆ ದುಬಾರಿ ಜಲನಿರೋಧಕ ಚೀಲಕ್ಕೆ ಸಮ. ಹಕ್ಕಿಪುಕ್ಕದ ಸ್ಲೀಪಿಂಗ್ ಬ್ಯಾಗ್ ಒದ್ದೆಯಾದರೆ ಮುದ್ದೆ. ಕಂಬಳಿ ತೇವವಾದರೂ ಬಿಸಿ ಹಿಡಿಯುತ್ತದೆ, ಮಲೆನಾಡಿನ ಗದ್ದೆಯಲ್ಲಿ ತಲೆತಲಾಂತರ ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡಿದವರಿಗೆ ಇದು ಗೊತ್ತು. ಒಲೆಯ ಯೋಚನೆ ಬಿಡಿ. ಗ್ಯಾಸ್ ಕ್ಯಾನಿಸ್ಟರನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಕಾಡಿನ ಸೌದೆ ಹೊತ್ತುವುದೂ ಇಲ್ಲ, ಹೊತ್ತಿಸಲೂಬಾರದು. ಅವಲಕ್ಕಿ, ಬೆಲ್ಲ, ಕಾಯಿತುರಿ ಇದ್ದರೆ ನಡುಹಗಲು ಕಳೆಯುತ್ತದೆ.

ಕೊನೆಯದಾಗಿ ಗ್ರಾಮ ಪಂಚಾಯಿತಿಗಳಿಗೆ, ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳಿಗೆ ಒಂದು ಕೋರಿಕೆ. ಒಂದು ಕಡೆ ದಿನಕ್ಕೆ ಸಾವಿರಾರು ರೂಪಾಯಿಯ ಹೋಂಸ್ಟೇ, ಇನ್ನೊಂದು ಕಡೆ ಕದ್ದು ಹಾಕುವ ಟೆಂಟ್. ನಡುವೆ ಏನೂ ಇಲ್ಲದಿರುವುದರಿಂದಲೇ ಎಳೆಯರು ಕಾಡಿಗೆ ನುಗ್ಗುತ್ತಿದ್ದಾರೆ. ಘಟ್ಟದ ಮೇಲಿನ ಊರುಗಳಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಗಳಿವೆ. ಅಂಥ ಒಂದು ಸೂರು, ಒಂದು ನಲ್ಲಿ, ಒಂದು ಶೌಚಾಲಯ, ಹೆಸರು ಬರೆಸಿಕೊಳ್ಳುವ ಒಂದು ಪುಸ್ತಕ ಇದ್ದರೆ ನಡೆದು ಬರುವವರಿಗೂ ಸೈಕಲಿನಲ್ಲಿ ಬರುವವರಿಗೂ ಸಾಕು. ಶುಲ್ಕ ಪಂಚಾಯಿತಿಗೆ ಸೇರಲಿ, ಅನ್ನ ಬೇಯಿಸಿ ಬಡಿಸುವ ಕೆಲಸ ಊರಿನ ಸ್ವಸಹಾಯ ಸಂಘದ ಹೆಂಗಸರಿಗೆ ಸಿಗಲಿ. ಶಿವಮೊಗ್ಗ ಅಥವಾ ಚಿಕ್ಕಮಗಳೂರು ಜಿಲ್ಲೆಯ ಯಾವುದಾದರೂ ಒಂದು ಪಂಚಾಯಿತಿ ಮುಂದಿನ ಹಸ್ತ ಮಳೆಯೊಳಗೆ ಇದನ್ನು ಮಾಡಿ ತೋರಿಸಲಿ.